ಬಾಗಿಲು ಮುಚ್ಚಿದ ಚಿತ್ರಮಂದಿರವನ್ನು ಓದುವ ಬಗೆ

ಶಾಸನವನ್ನು ಓದಹೊರಟವನು ಮೊದಲು ಕಲ್ಲಿನ ಮೇಲಣ ಪಾಚಿಯನ್ನು ತೊಳೆಯುತ್ತಾನೆ. ಬಳಿಕ ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸುತ್ತಾನೆ. ಅಳಿಸಿಹೋದ ಎಡೆಗಳನ್ನು ಹಿಂದುಮುಂದಿನ ಪದಗಳ ಬಲದಿಂದ ತುಂಬಿಕೊಳ್ಳುತ್ತಾನೆ. ಕಲ್ಲು ಹೇಳಹೊರಟಿರುವುದು ಯಾರೋ ಒಬ್ಬರ ದತ್ತಿಯ ಮಾತನ್ನು. ಆದರೆ ಬಲ್ಲವನಿಗೆ ಅದೇ ಕಲ್ಲು ಆ ಕಾಲದ ಅಳತೆಯನ್ನು, ತೆರಿಗೆಯನ್ನು, ಬೆಳೆಯನ್ನು, ಕಸುಬುಗಳನ್ನು ತಿಳಿಸುತ್ತದೆ. ಓದಿನ ಈ ಕ್ರಮವನ್ನು ಕಲ್ಲಿಗಷ್ಟೇ ಮೀಸಲಿಡಬೇಕಾದುದಿಲ್ಲ. ಇಂದು ನಾಡಿನ ಅನೇಕ ಊರುಗಳಲ್ಲಿ, ಪೇಟೆಯ ನಡುವೆಯೋ ಬಸ್ ನಿಲ್ದಾಣದ ಮಗ್ಗುಲಲ್ಲೋ, ಬೀಗ ಜಡಿದ ಕಬ್ಬಿಣದ ಬಾಗಿಲು, ಬಣ್ಣ ಮಾಸಿದ ಎತ್ತರದ ಮುಂಗೋಡೆ, ಅಕ್ಷರಗಳು ಉದುರಿದ ಹೆಸರಿನ ಹಲಗೆ ಇವುಗಳೊಡನೆ ಒಂದು ಹಳೆಯ ಚಿತ್ರಮಂದಿರ ನಿಂತಿರುತ್ತದೆ. ದಾರಿಹೋಕರು ಅದನ್ನು ಪಾಳು ಕಟ್ಟಡವೆಂದು ಬಗೆದು ಮುಂದೆ ಸಾಗುತ್ತಾರೆ. ಅದನ್ನೂ ಶಾಸನದಂತೆಯೇ ಓದಲು ಸಾಧ್ಯವೆಂಬುದನ್ನು ತೋರಿಸುವುದು, ಓದದೆ ಬಿಟ್ಟರೆ ಆಗುವ ನಷ್ಟವೇನೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿನ ಸಾಕ್ಷ್ಯ

ಮೊದಲು ಗಮನಿಸಬೇಕಾದುದು ಹಲಗೆಯ ಮೇಲಿನ ಹೆಸರು. ‘ಚಲಚ್ಚಿತ್ರ’ವೆಂಬುದು ‘ಚಲತ್’ ಮತ್ತು ‘ಚಿತ್ರ’ ಎಂಬ ಎರಡು ಪದಗಳು ಶ್ಚುತ್ವಸಂಧಿಯಿಂದ ಕೂಡಿ ಆದ ರೂಪ. ಗ್ರಂಥಗಳಲ್ಲಿ ಅದು ನೆಲೆ ನಿಂತಿತು. ಜನರ ನಾಲಗೆಯ ಮೇಲೆ ನೆಲೆ ನಿಂತುದು ‘ಟಾಕೀಸು’. ಇಂಗ್ಲಿಷಿನಲ್ಲಿ ಮಾತನಾಡುವ ಚಿತ್ರಕ್ಕೆ ‘ಟಾಕಿ’ ಎಂದು ಹೆಸರು. ‘ಟಾಕೀಸ್’ ಎಂಬುದು ಅದರ ಬಹುವಚನ. ಕನ್ನಡಕ್ಕೆ ಬಂದಾಗ ಆ ಬಹುವಚನವೇ ಏಕವಚನವಾಯಿತು. ಚಿತ್ರವನ್ನು ಸೂಚಿಸುತ್ತಿದ್ದ ಪದ ಚಿತ್ರವನ್ನು ತೋರಿಸುವ ಕಟ್ಟಡವನ್ನು ಸೂಚಿಸತೊಡಗಿತು. ಆಧೇಯದ ಹೆಸರು ಆಧಾರಕ್ಕೆ ಸಂದ ಈ ಪ್ರಯೋಗ ಲಕ್ಷಣಾವೃತ್ತಿಗೆ ಒಳ್ಳೆಯ ಉದಾಹರಣೆ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಮುಂಬಯಿಯಲ್ಲಿ 1931ರ ಮಾರ್ಚ್ 14ರಂದು ತೆರೆ ಕಂಡಿತು. ಆದುದರಿಂದ ‘ಟಾಕೀಸ್’ ಎಂಬ ಹೆಸರು ಆ ಬಳಿಕ ಇಟ್ಟದ್ದೆಂದು ಸಾಮಾನ್ಯವಾಗಿ ತಿಳಿಯಬಹುದು. ಆದರೆ ಹೆಸರು ಹೊಸದಾದ ಮಾತ್ರಕ್ಕೆ ಗೋಡೆಯೂ ಹೊಸದೆನ್ನಲಾಗದು. ಬೆಂಗಳೂರಿನ ದಂಡುಪ್ರದೇಶದಲ್ಲಿದ್ದ ‘ಎಲ್ಗಿನ್ ಟಾಕೀಸ್’ 1896ರಲ್ಲಿ ನಾಟಕ ನೃತ್ಯಗಳಿಗಾಗಿ ಕಟ್ಟಿದ ಮಂದಿರ. ಅಂದಿನ ವೈಸರಾಯ್ ಎಲ್ಗಿನ್ ಪ್ರಭುವಿನ ಹೆಸರನ್ನು ಹೊತ್ತುದು. ಮೊದಲು ಮೂಕಚಿತ್ರ, ಆಮೇಲೆ ವಾಕ್ಚಿತ್ರ ಅದರೊಳಗೆ ಬಂದವು. ಗೋಡೆ ಹಾಗೆಯೇ ಉಳಿದು ಹೆಸರಿನ ಬಾಲ ಮಾತ್ರ ಬದಲಾಯಿತು. ಹಲಗೆಯನ್ನು ಓದುವವನು ಗೋಡೆಯನ್ನೂ ಓದಬೇಕೆಂಬುದಕ್ಕೆ ಇದು ನಿದರ್ಶನ.

ಜಂಗಮದಿಂದ ಸ್ಥಾವರಕ್ಕೆ

ಚಿತ್ರಮಂದಿರವು ಹುಟ್ಟಿನಿಂದ ಸ್ಥಾವರವಲ್ಲ. ಫ್ರಾನ್ಸಿನ ಲೂಮಿಯೇ ಸೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಹಣ ಪಡೆದು ಸಾರ್ವಜನಿಕರಿಗೆ ಚಿತ್ರ ತೋರಿಸಿದರು. ಏಳು ತಿಂಗಳು ತುಂಬುವ ಮೊದಲೇ, 1896ರ ಜುಲೈ 7ರಂದು, ಅವರ ಯಂತ್ರ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಓಡಿತು. ಅಲ್ಲಿಂದ ಮುಂದೆ ಚಿತ್ರ ಊರೂರು ಅಲೆಯಿತು. ತಿರುಚಿನಾಪಳ್ಳಿಯಲ್ಲಿ ರೈಲ್ವೆ ಗುಮಾಸ್ತರಾಗಿದ್ದ ಸಾಮಿಕಣ್ಣು ವಿನ್ಸೆಂಟರು 1905ರಲ್ಲಿ ಫ್ರೆಂಚ್ ಪ್ರದರ್ಶಕನೊಬ್ಬನಿಂದ ಯಂತ್ರವನ್ನು ಕೊಂಡು, ಕೆಲಸ ಬಿಟ್ಟು, ಡೇರೆಯೊಡನೆ ಸಂಚಾರ ಹೊರಟರು. ಕಲ್ಕತ್ತೆಯ ಮೈದಾನದಲ್ಲಿ ಜೆ. ಎಫ್. ಮದನ್ ಅವರು 1902ರಲ್ಲಿ ಡೇರೆ ಹಾಕಿದರು. 1907ರಲ್ಲಿ ಅವರೇ ಅಲ್ಲಿ ಕಟ್ಟಡವನ್ನು ಎಬ್ಬಿಸಿದರು. ವಿನ್ಸೆಂಟರೂ 1914ರಲ್ಲಿ ಕೊಯಮತ್ತೂರಿನಲ್ಲಿ ‘ವೆರೈಟಿ ಹಾಲ್’ ಕಟ್ಟಿದರು. ಸಂಚಾರಿ ಡೇರೆ ನೆಲೆಗೊಂಡು ಮಂದಿರವಾದ ಬಗೆ ಇದು.

ಕನ್ನಡ ನಾಡಿನಲ್ಲಿ ಈ ಎರಡು ರೂಪಗಳೂ ಬಹುಕಾಲ ಜೊತೆಜೊತೆಯಾಗಿ ಬಾಳಿದವು. ರಾಜ್ಯದ ಸಿನಿಮಾ ನಿಯಂತ್ರಣ ಕಾಯ್ದೆ 1964ರಲ್ಲಿ ಬಂತು. ಕಾಯಂ ಮಂದಿರಕ್ಕೆ ಒಂದು ಬಗೆಯ ಪರವಾನಗಿ, ಸಂಚಾರಿ ಡೇರೆಗೆ ಇನ್ನೊಂದು ಬಗೆಯದು. ಸುಗ್ಗಿ ಮುಗಿದು ರೈತರ ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲಕ್ಕೆ, ಜಾತ್ರೆಯ ಮಾಳಕ್ಕೆ, ಟೂರಿಂಗ್ ಟಾಕೀಸು ಬರುತ್ತಿತ್ತು. ಹಗಲಿನಲ್ಲಿ ಡೇರೆಯೊಳಗೆ ಕತ್ತಲಾಗದು. ಆದಕಾರಣ ಹೊತ್ತು ಮುಳುಗಿದ ಮೇಲೆ ಎರಡೇ ಆಟ. ಧ್ವನಿವರ್ಧಕದಲ್ಲಿ ಘಂಟಸಾಲ ಅವರ ಕಂಠದ ವೆಂಕಟೇಶ ಸ್ತುತಿ ಕೇಳಿಬಂದರೆ ಆಟ ಮೊದಲಾಗುವುದೆಂದು ಹತ್ತಿರದ ಹಳ್ಳಿಯವರು ಹೆಜ್ಜೆ ಬಿರುಸುಗೊಳಿಸುತ್ತಿದ್ದರು. ಅನೇಕ ಡೇರೆಗಳಲ್ಲಿ ಇದ್ದುದು ಒಂದೇ ಯಂತ್ರ. ಒಂದು ಸುರುಳಿ ಮುಗಿದು ಇನ್ನೊಂದನ್ನು ಏರಿಸುವವರೆಗೆ ದೀಪ ಹೊತ್ತುತ್ತಿತ್ತು. ಆ ಬಿಡುವಿನಲ್ಲಿ ಕಡಲೆಕಾಯಿ, ಸೋಡಾ ಮಾರುವವರ ಕೂಗು ಏಳುತ್ತಿತ್ತು.

ಕಟ್ಟಡದ ಮೂಲ ಸಂಚಾರದಲ್ಲಿದ್ದಂತೆ ಅದರ ಇನ್ನೊಂದು ಬೇರು ರಂಗಭೂಮಿಯಲ್ಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಇಲ್ಲಿ ಸ್ಮರಿಸಬೇಕು. ಆ ಸಂಘವನ್ನು ಬೆಳಗಿಸಿದ ಗುಬ್ಬಿ ವೀರಣ್ಣನವರು ಮೂಕಚಿತ್ರಗಳ ಕಾಲದಲ್ಲಿಯೇ ಚಿತ್ರನಿರ್ಮಾಣಕ್ಕೆ ಕೈಹಾಕಿದರು. ಅವರ ಮಂಡಳಿಯಲ್ಲಿ ಪಳಗಿದ ರಾಜಕುಮಾರ್ ಅವರು 1954ರಲ್ಲಿ ‘ಬೇಡರ ಕಣ್ಣಪ್ಪ’ದ ನಾಯಕರಾದರು. ನಟರು ರಂಗದಿಂದ ತೆರೆಗೆ ಬಂದಂತೆ ಕಟ್ಟಡಗಳೂ ಬಂದವು. ನಾಟಕಶಾಲೆಯಾಗಿದ್ದುದು ಚಿತ್ರಮಂದಿರವಾದ ಕಡೆ ಪರದೆಯ ಹಿಂದೆ ಇಂದಿಗೂ ಆಳವಾದ ರಂಗಸ್ಥಳವಿರುತ್ತದೆ. ಪಕ್ಕದಲ್ಲಿ ಬಣ್ಣದ ಮನೆಯ ಬಾಗಿಲಿನ ಗುರುತು ಕಾಣುತ್ತದೆ. ಚಿತ್ರಕ್ಕೆಂದೇ ಕಟ್ಟಿದ ಮಂದಿರಕ್ಕೆ ಅಷ್ಟು ಆಳ ಬೇಕಾಗಿಲ್ಲ. ಪರದೆಯ ಹಿಂದಿನ ಹತ್ತು ಹೆಜ್ಜೆ ಜಾಗವನ್ನು ಅಳೆದರೆ ಕಟ್ಟಡದ ಪೂರ್ವಾಶ್ರಮವು ತಿಳಿದುಬರುತ್ತದೆ.

ಬೆಂಕಿ ಬರೆದ ವಾಸ್ತು

ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ನೆಲದ ಇಳಿಜಾರು. ಮುಂದೆ ಕುಳಿತವನ ತಲೆ ಹಿಂದಿನವನ ದೃಷ್ಟಿಗೆ ಅಡ್ಡವಾಗದಂತೆ ನೆಲ ಪರದೆಯ ಕಡೆಗೆ ಇಳಿಯುತ್ತದೆ. ಗೋಡೆಗಳ ಮೇಲೆ ನಾರಿನ ಹಲಗೆ, ಗೋಣಿಯ ಹೊದಿಕೆ, ತೂತುಗಳಿರುವ ಫಲಕ ಮೊದಲಾದವುಗಳ ಚೂರುಗಳು ತೂಗಾಡುತ್ತಿರುತ್ತವೆ. ಇವು ಅಲಂಕಾರಕ್ಕಾಗಿ ಹಾಕಿದವಲ್ಲ. ಬರಿಯ ಗಾರೆಯ ಗೋಡೆ ಧ್ವನಿಯನ್ನು ಹಿಂದಕ್ಕೆ ಎಸೆಯುತ್ತದೆ. ಮಾತಿನ ಮೇಲೆ ಮಾತು ಬಿದ್ದು ಒಂದೂ ತಿಳಿಯದಂತಾಗುತ್ತದೆ. ಮೂಕಚಿತ್ರಕ್ಕೆ ಇದರಿಂದ ಬಾಧಕವಿರಲಿಲ್ಲ. ವಾಕ್ಚಿತ್ರ ಬಂದಾಗ ಗೋಡೆಗೆ ಹೊದಿಕೆ ಬಂತು. ಪರದೆಯ ಬಟ್ಟೆಯಲ್ಲಿಯೂ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಧ್ವನಿವರ್ಧಕ ಪರದೆಯ ಹಿಂದಿದ್ದು, ಮಾತು ಪಾತ್ರದ ಬಾಯಿಂದಲೇ ಬಂದಂತೆ ತೋರಲೆಂದು ಮಾಡಿದ ಏರ್ಪಾಡು ಅದು.

ಆದರೆ ಇಡೀ ಕಟ್ಟಡದಲ್ಲಿ ಅತ್ಯಂತ ಅರ್ಥಪೂರ್ಣವಾದ ಎಡೆಯೆಂದರೆ ಹಿಂಬದಿಯ ಎತ್ತರದಲ್ಲಿರುವ ಯಂತ್ರದ ಕೋಣೆ, ಜನರು ‘ಕ್ಯಾಬಿನ್’ ಎಂದು ಕರೆಯುವುದು. ಅದರ ಗೋಡೆ ದಪ್ಪ, ಬಾಗಿಲು ಕಬ್ಬಿಣದ್ದು. ಪ್ರೇಕ್ಷಕರ ಕಡೆಗೆ ತೆರೆದ ಗವಾಕ್ಷಿಗಳು ತೀರ ಚಿಕ್ಕವು. ಒಂದೊಂದು ಯಂತ್ರಕ್ಕೂ ಎರಡೆರಡು; ಒಂದು ಬೆಳಕು ಹೊರಡಲು, ಇನ್ನೊಂದು ಆಪರೇಟರನ ಕಣ್ಣಿಗೆ. ಪ್ರತಿಯೊಂದರ ಮೇಲೂ ಜಾರುವ ಕಬ್ಬಿಣದ ತಗಡು. ಸೂರಿನಲ್ಲಿ ಹೊಗೆಯ ಕೊಳವೆ. ಮೂಲೆಯಲ್ಲಿ ಮರಳು ತುಂಬಿದ ಕೆಂಪು ಬಕೆಟ್ಟುಗಳು. ಚಿತ್ರ ತೋರಿಸುವ ಕೋಣೆಗೆ ಮದ್ದಿನ ಮನೆಯ ಲಕ್ಷಣಗಳೇಕೆ ಬಂದವು? ಹಿಂದೆ ಚಿತ್ರದ ಸುರುಳಿಯನ್ನು ಮಾಡುತ್ತಿದ್ದುದು ನೈಟ್ರೇಟ್ ಸೆಲ್ಯುಲೋಸ್ ಎಂಬ ವಸ್ತುವಿನಿಂದ. ಅದು ಬಂದೂಕಿನ ಹತ್ತಿಗೆ ಹತ್ತಿರದ ಬಂಧು. ಒಮ್ಮೆ ಹೊತ್ತಿತೆಂದರೆ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಂಡು ಉರಿಯುತ್ತದೆ. ನೀರಿನಲ್ಲಿ ಮುಳುಗಿಸಿದರೂ ಆರದು. ಅಂಥ ವಸ್ತುವನ್ನು ಎರಡು ಇಂಗಾಲದ ಕಡ್ಡಿಗಳ ನಡುವೆ ಧಗಧಗಿಸುವ ವಿದ್ಯುತ್ ಜ್ವಾಲೆಯ ಮುಂದೆ ಹಾಯಿಸಬೇಕಾಗಿತ್ತು. 1897ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಧರ್ಮಾರ್ಥ ಸಂತೆಯೊಂದರಲ್ಲಿ ಚಿತ್ರಯಂತ್ರದ ದೀಪದಿಂದ ಹೊತ್ತಿದ ಬೆಂಕಿಗೆ ನೂರಕ್ಕೂ ಮಿಕ್ಕ ಜನರು ಆಹುತಿಯಾದರು. ಬ್ರಿಟಿಷ್ ಇಂಡಿಯಾದಲ್ಲಿ 1918ರಲ್ಲಿ ಬಂದ ಸಿನಿಮಾಟೋಗ್ರಾಫ್ ಕಾಯ್ದೆಯು ಚಿತ್ರಗಳಿಗೆ ಪ್ರಮಾಣಪತ್ರ ಕೊಡುವ ಮಾತಿನೊಡನೆ ಪ್ರದರ್ಶನದ ಸ್ಥಳದ ಸುರಕ್ಷತೆಯ ಮಾತನ್ನೂ ಕೂಡಿಸಿತು. ಕ್ಯಾಬಿನ್ನಿನ ದಪ್ಪ ಗೋಡೆ ಈ ಭಯದಿಂದ ಹುಟ್ಟಿದ್ದು. 1950ರ ದಶಕದ ಆರಂಭದಲ್ಲಿ ನೈಟ್ರೇಟ್ ಸುರುಳಿಗಳ ತಯಾರಿಕೆ ನಿಂತು, ಬೇಗ ಹೊತ್ತದ ಅಸಿಟೇಟ್ ಸುರುಳಿಗಳು ಬಳಕೆಗೆ ಬಂದವು. ಆದರೂ ಕೋಣೆಯ ರೂಪ ಬದಲಾಗಲಿಲ್ಲ.

ಬೆಂಕಿಯ ಭಯ ಸುರುಳಿಯೊಡನೆ ಮುಗಿಯಲಿಲ್ಲವೆಂಬುದನ್ನೂ ಹೇಳಬೇಕು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ವಿದ್ಯುತ್ ಪರಿವರ್ತಕದಿಂದ ಎದ್ದ ಬೆಂಕಿ ಮತ್ತು ಹೊಗೆಗೆ 59 ಮಂದಿ ಬಲಿಯಾದರು. ಹೊರದಾರಿಗಳಿಗೆ ಅಡ್ಡಿಯಾಗಿದ್ದುದು ಅಲ್ಲಿ ಪ್ರಾಣಕ್ಕೆ ಎರವಾಯಿತು. ಹಳೆಯ ಮಂದಿರದ ಅಕ್ಕಪಕ್ಕದ ಬಾಗಿಲುಗಳನ್ನು ಎಣಿಸಿ, ಅವು ಯಾವ ಕಡೆಗೆ ತೆರೆಯುತ್ತವೆಂಬುದನ್ನು ನೋಡುವುದು ವಿದ್ಯಾರ್ಥಿಗೆ ಪೌರನೀತಿಯ ಪಾಠವೂ ಆಗುತ್ತದೆ.

ಕ್ಯಾಬಿನ್ನಿನಲ್ಲಿ ದುಡಿದ ಆಪರೇಟರನ ಶ್ರಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ವಾಕ್ಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಒಂದು ಅಡಿ ಸುರುಳಿಯಲ್ಲಿ 16 ಚಿತ್ರಗಳು. ಹಾಗಾಗಿ ನಿಮಿಷಕ್ಕೆ 90 ಅಡಿ ಸುರುಳಿ ಓಡಬೇಕು. ಸಾವಿರ ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷದಲ್ಲಿ ಮುಗಿಯುತ್ತದೆ. ಹದಿನೈದು ಸುರುಳಿಗಳ ಚಿತ್ರವಾದರೆ ಒಂದೊಂದು ಆಟಕ್ಕೂ ನಾಲ್ಕೂವರೆ ಕಿಲೋಮೀಟರು ಉದ್ದದ ಸುರುಳಿ ಅವನ ಕೈಯಿಂದ ಹಾಯುತ್ತಿತ್ತು. ಪರದೆಯ ಬಲ ಮೇಲ್ತುದಿಯಲ್ಲಿ ಕ್ಷಣಕಾಲ ಮಿಂಚುವ ಚುಕ್ಕೆಯನ್ನು ಪ್ರೇಕ್ಷಕರು ಗಮನಿಸುತ್ತಿರಲಿಲ್ಲ. ಅವನು ಅದಕ್ಕಾಗಿಯೇ ಕಾದಿದ್ದು ಮೊದಲ ಯಂತ್ರದಿಂದ ಎರಡನೆಯ ಯಂತ್ರಕ್ಕೆ ಚಿತ್ರವನ್ನು ದಾಟಿಸುತ್ತಿದ್ದನು. ನಡುವೆ ಸವೆಯುತ್ತಿದ್ದ ಕಡ್ಡಿಗಳನ್ನು ಹತ್ತಿರ ಹತ್ತಿರಕ್ಕೆ ಸರಿಸುತ್ತಿರಬೇಕು. ತಪ್ಪಿದರೆ ಪರದೆ ಮಂಕಾಗಿ ಕೆಳಗಿನಿಂದ ಶಿಳ್ಳೆ ಏಳುತ್ತಿತ್ತು. ಪ್ರೇಕ್ಷಕರು ಅವನನ್ನು ನೆನೆಯುತ್ತಿದ್ದುದು ಕೆಲಸ ಕೆಟ್ಟಾಗ ಮಾತ್ರ. ಕಾಯಕವೆಂಬ ಮಾತಿನ ಅರ್ಥವನ್ನು ಬಲ್ಲ ಓದುಗರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಒಂದೇ ಸೂರಿನ ಕೆಳಗೆ

ಟಿಕೆಟ್ಟಿನ ಕಿಟಕಿಗಳು ಸಮಾಜದ ಇತಿಹಾಸವನ್ನು ಹೇಳುತ್ತವೆ. ಒಂದೊಂದು ದರ್ಜೆಗೆ ಒಂದೊಂದು ಕಿಟಕಿ. ಒಬ್ಬರ ಹಿಂದೆ ಒಬ್ಬರು ಮಾತ್ರ ನಿಲ್ಲಬಲ್ಲ ಕಬ್ಬಿಣದ ಕಂಬಿಗಳ ಓಣಿ. ಹಲವೆಡೆ ಹೆಂಗಸರಿಗೆ ಬೇರೆ ಕಿಟಕಿ, ಬೇರೆ ಆಸನ. ಪರದೆಯ ಮುಂದೆ ನೆಲ ಅಥವಾ ಬೆಂಚು, ಅದಕ್ಕೆ ‘ಗಾಂಧಿ ಕ್ಲಾಸ್’ ಎಂಬ ಹೆಸರು. ಅದರ ಹಿಂದೆ ಕುರ್ಚಿ. ಎಲ್ಲಕ್ಕೂ ಮೇಲೆ ಬಾಲ್ಕನಿ. ಈ ವಿಂಗಡಣೆಯನ್ನು ಕಂಡು ಇಲ್ಲಿಯೂ ಮೇಲುಕೀಳಿತ್ತೆಂದು ಹೇಳುವುದು ಸುಲಭ, ಮತ್ತು ಸರಿ. ಆದರೆ ಅಷ್ಟಕ್ಕೇ ನಿಲ್ಲುವುದು ಸರಿಯಲ್ಲ. ಶ್ರೀಲಂಕೆಯ ತಮಿಳು ವಿದ್ವಾಂಸ ಕಾ. ಶಿವತಂಬಿ ಅವರು 1981ರಲ್ಲಿ ತಮಿಳರ ಬಗ್ಗೆ ಬರೆಯುತ್ತ, ಎಲ್ಲ ವರ್ಗದ ಜನ ಒಂದೇ ಸೂರಿನ ಕೆಳಗೆ ಕಲೆತು ಒಂದೇ ಕಲೆಯನ್ನು ಕಂಡ ಮೊದಲ ಪ್ರದರ್ಶನಸ್ಥಳ ಚಿತ್ರಮಂದಿರವೆಂಬ ಅಭಿಪ್ರಾಯವನ್ನು ಮಂಡಿಸಿದರು. ಅಲ್ಲಿ ಸ್ಥಾನವನ್ನು ನಿರ್ಣಯಿಸಿದುದು ಕೊಳ್ಳುವ ಶಕ್ತಿ, ಹುಟ್ಟಲ್ಲ ಎಂಬುದು ಅವರ ವಾದ. ಕನ್ನಡ ನಾಡಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಕಿಟಕಿಯೊಳಗಿನ ಗುಮಾಸ್ತನು ಕೇಳುತ್ತಿದ್ದುದು ಎಷ್ಟು ಟಿಕೆಟ್ಟೆಂಬುದನ್ನು, ಯಾವ ಕುಲವೆಂಬುದನ್ನಲ್ಲ. ಗುಡಿಯ ಬಾಗಿಲೂ ಬಾವಿಯ ಕಟ್ಟೆಯೂ ಎಲ್ಲರಿಗೆ ತೆರೆಯದಿದ್ದ ಕಾಲದಲ್ಲಿ ಕೆಲವಾಣೆಯ ಚೀಟಿ ಹಿಡಿದವನಿಗೆ ಈ ಬಾಗಿಲು ತೆರೆಯಿತು.

ಅದನ್ನು ಅನುಭವಮಂಟಪದ ಸಮತೆಗೆ ಹೋಲಿಸುವುದು ಅತಿಶಯೋಕ್ತಿಯಾದೀತು. ಶರಣರು ಒಡೆದುದು ಹುಟ್ಟಿನ ಗೋಡೆಯನ್ನೂ ಸಿರಿಯ ಗೋಡೆಯನ್ನೂ. ಚಿತ್ರಮಂದಿರ ಹುಟ್ಟಿನ ಗೋಡೆಯ ಜಾಗದಲ್ಲಿ ಹಣದ ಗೋಡೆಯನ್ನು ಕಟ್ಟಿತು. ಆದರೂ ಹಣದ ಗೋಡೆಯನ್ನು ದುಡಿದು ದಾಟಬಹುದು. 1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಚಿತ್ರ ಬಂದಾಗ ಬೆಂಚಿನ ಮೇಲೆ ಕುಳಿತವರೂ ಬಾಲ್ಕನಿಯಲ್ಲಿ ಕುಳಿತವರೂ ಕಲ್ಯಾಣದ ಕಥೆಯನ್ನು ಒಂದೇ ಪರದೆಯಲ್ಲಿ ಕಂಡರು. ಅಕ್ಷರ ಬಾರದವರಿಗೂ ಆ ಕಥೆ ತಲುಪಿತು. ಈ ಮಂದಿರಗಳ ಗುಣವನ್ನೂ ಮಿತಿಯನ್ನೂ ಒಟ್ಟಿಗೆ ತೂಗಬೇಕು.

ಅಳಿದ ಕಟ್ಟಡ, ಉಳಿದ ಹೆಸರು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ನಿರ್ದೇಶಕರು ವೈ. ವಿ. ರಾವ್, ಚಿತ್ರೀಕರಣ ನಡೆದುದು ಕೊಲ್ಹಾಪುರದಲ್ಲಿ, ಸಂಭಾಷಣೆಯನ್ನೂ ಹಾಡುಗಳನ್ನೂ ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಕನ್ನಡದ ಮಾತು ಪರದೆಯಿಂದ ಕೇಳಿದ ಆ ಕಟ್ಟಡ ಮುಂದೆ ‘ಪರಿಮಳ’ವೆಂದು ಹೆಸರು ಬದಲಿಸಿಕೊಂಡು, ಕೊನೆಗೆ ಇಲ್ಲವಾಯಿತು. ಚಿತ್ರದ ಪ್ರತಿಯೂ ಉಳಿದಿಲ್ಲ. ಮನೆಯೂ ಹೋಯಿತು, ಮನೆಯೊಳಗಿನ ದೀಪವೂ ಹೋಯಿತು. ಉಳಿದುದು ಕಾಗದದ ಮೇಲಿನ ದಿನಾಂಕ. ಸಾವಿರ ವರ್ಷದ ಹಿಂದಿನ ಶಾಸನದ ಪಾಠ ಕೈಗೆ ಸಿಕ್ಕುತ್ತದೆ. ನೂರು ವರ್ಷ ತುಂಬದ ಕೃತಿಯೊಂದರ ಒಂದು ಮಾತೂ ಕಿವಿಗೆ ಸಿಕ್ಕದು. ಈ ವಿಷಯದಲ್ಲಿ ವಿದ್ಯಾವಂತರು ಚಿಂತಿಸಬೇಕಾದ ಸಂಗತಿ ಇದೇ.

ಎಲ್ಗಿನ್ ಟಾಕೀಸ್ ಇಂದಿಲ್ಲ. 1936ರಲ್ಲಿ ತೆರೆದ ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಮೆಟ್ರೋ ರೈಲಿಗೆ ದಾರಿ ಬಿಟ್ಟಿತು. 1,400ಕ್ಕೂ ಮಿಕ್ಕ ಆಸನಗಳಿಗೂ ವಿಶಾಲವಾದ ಪರದೆಗೂ ಹೆಸರಾಗಿದ್ದ ಕಪಾಲಿ 1968ರಲ್ಲಿ ತೆರೆದು 2017ರಲ್ಲಿ ಮುಚ್ಚಿತು. ಆದರೆ ಜನರ ನಾಲಗೆ ಕಟ್ಟಡಗಳಿಗಿಂತ ಗಟ್ಟಿ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಬಸ್ ನಿಲ್ದಾಣಕ್ಕೆ ಸರಕಾರ ಇಟ್ಟ ಹೆಸರು ಕೆಂಪೇಗೌಡರದು. ನಾಡಿನ ಮೂಲೆಮೂಲೆಯಿಂದ ಬರುವ ಪ್ರಯಾಣಿಕ ಕೇಳುವುದು ‘ಮೆಜೆಸ್ಟಿಕ್’ಗೆ ಟಿಕೆಟ್ಟು. ಆ ಹೆಸರಿನ ಚಿತ್ರಮಂದಿರವನ್ನು ಅವನು ಕಂಡಿರುವುದಿಲ್ಲ. ಮಿನರ್ವ ವೃತ್ತದ ಕಥೆಯೂ ಇದೇ. ಸ್ಥಾವರ ಅಳಿದ ಮೇಲೆ ಹೆಸರು ಜಂಗಮವಾಗಿ ಸಂಚರಿಸುತ್ತಿದೆ. ಸ್ಥಳನಾಮಗಳನ್ನು ಶೋಧಿಸುವವರು ಕೆರೆ, ಮರ, ದೇವರುಗಳ ಸಾಲಿಗೆ ಟಾಕೀಸನ್ನೂ ಸೇರಿಸಿಕೊಳ್ಳಬೇಕಾಗಿದೆ.

ಬಾಗಿಲು ಮುಚ್ಚಿದುದೇಕೆ

ಕಾರಣ ಒಂದಲ್ಲ. 1981ರಲ್ಲಿ ಬೆಂಗಳೂರಿನಿಂದ ದೂರದರ್ಶನ ಪ್ರಸಾರ ಮೊದಲಾಯಿತು; 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಮನೆಮನೆ ಹೊಕ್ಕವು. ಇವುಗಳಿಗಿಂತ ಒಳಗಿನದಾದ ಇನ್ನೊಂದು ಕಾರಣವಿದೆ. ಸುರುಳಿಗಳ ಕಾಲದಲ್ಲಿ ಚಿತ್ರದ ಪ್ರತಿಗಳು ಕೆಲವೇ; ಒಂದೊಂದರ ಬೆಲೆಯೂ ದುಬಾರಿ. ಮೊದಲು ನಗರ, ಆಮೇಲೆ ಜಿಲ್ಲಾ ಕೇಂದ್ರ, ತಾಲ್ಲೂಕು, ಕೊನೆಗೆ ಡೇರೆ ಎಂಬ ಕ್ರಮದಲ್ಲಿ ಒಂದೇ ಪ್ರತಿ ವರ್ಷಗಟ್ಟಲೆ ದುಡಿಯುತ್ತಿತ್ತು. ಸಾವಿರ ಆಸನದ ಮಂದಿರ ನೂರು ದಿನಗಳ ಕಾಲ ಒಂದೇ ಚಿತ್ರದಿಂದ ತುಂಬುತ್ತಿದ್ದುದು ಈ ಕ್ರಮದಿಂದಲೇ. 2005ರ ಬಳಿಕ ಸುರುಳಿಯ ಜಾಗಕ್ಕೆ ಅಂಕೀಯ ವಿಧಾನ ಬಂತು. ಚಿತ್ರ ಒಂದೇ ದಿನ ನೂರಾರು ಕಡೆ ತೆರೆ ಕಾಣತೊಡಗಿತು. ಮೊದಲ ವಾರದಲ್ಲಿಯೇ ಅದರ ಹಣೆಬರಹ ತೀರ್ಮಾನವಾಗತೊಡಗಿತು. ಅಷ್ಟು ಹೊತ್ತಿಗೆ ಬಹುಪರದೆಯ ಸಂಕೀರ್ಣಗಳು ಬಂದಿದ್ದವು. ದೊಡ್ಡ ಮಂದಿರಕ್ಕೆ ಜನ ಸಾಲದಾಯಿತು. ಪೇಟೆಯ ನಡುವಿನ ನೆಲಕ್ಕೆ ಮಾತ್ರ ಬೆಲೆ ಏರುತ್ತಲೇ ಹೋಯಿತು. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ನಿಮಿತ್ತ ಮುಚ್ಚಿದ ಬಾಗಿಲುಗಳಲ್ಲಿ ಕೆಲವು ಮತ್ತೆ ತೆರೆಯಲೇ ಇಲ್ಲ. ಮಾಲೀಕರನ್ನು ದೂರಿ ಫಲವಿಲ್ಲ. ನಷ್ಟವನ್ನು ಹೊತ್ತು ಕಟ್ಟಡವನ್ನು ಕಾಯಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕಟ್ಟಡವನ್ನು ಉಳಿಸಲಾಗದಿದ್ದರೂ ಅದರ ಪಾಠವನ್ನು ಉಳಿಸಿಕೊಳ್ಳಬಹುದು.

ಶಾಲೆಯಿಂದ ಆಗಬಹುದಾದ ಕಾರ್ಯ

ಈ ಕೆಲಸಕ್ಕೆ ಶಾಲೆಯೇ ತಕ್ಕ ಸ್ಥಳ. ಪ್ರೌಢಶಾಲೆಯ ವಿದ್ಯಾರ್ಥಿಗಳ ಒಂದು ಚಿಕ್ಕ ತಂಡ, ಜೊತೆಗೆ ಒಬ್ಬ ಉಪಾಧ್ಯಾಯರು, ಒಂದು ಅಳತೆಯ ಪಟ್ಟಿ, ಒಂದು ಕ್ಯಾಮರಾ ಇಷ್ಟಿದ್ದರೆ ಸಾಕು. ಮಾಲೀಕರ ಲಿಖಿತ ಅನುಮತಿ ಇಲ್ಲದೆ ಒಳಗೆ ಕಾಲಿಡಕೂಡದು. ಕೊಳೆತ ಮರದ ಮೆಟ್ಟಿಲು, ಒಡೆದ ಕಲ್ನಾರಿನ ತಗಡು, ತೂಗಾಡುವ ತಂತಿ, ಹಾವು ಬಾವಲಿಗಳು ಪಾಳು ಕಟ್ಟಡದ ಸಹಜ ಸಂಗಡಿಗರು. ಮಕ್ಕಳನ್ನು ಬಾಲ್ಕನಿಗೂ ಕ್ಯಾಬಿನ್ನಿಗೂ ಹತ್ತಿಸುವ ಮುನ್ನ ಬಲ್ಲ ಮೇಸ್ತ್ರಿಯೊಬ್ಬನಿಂದ ಪರೀಕ್ಷೆ ಮಾಡಿಸಬೇಕು. ಕಲ್ನಾರಿನ ಪುಡಿ ಶ್ವಾಸಕೋಶಕ್ಕೆ ಕೇಡು, ಅದನ್ನು ಕೆದಕಬಾರದು.

ದಾಖಲಿಸಬೇಕಾದುವು ಇವು: ಕಟ್ಟಡದ ನಕ್ಷೆ ಮತ್ತು ಅಳತೆ, ಬಾಗಿಲು, ಕಿಟಕಿ, ದರ್ಜೆಗಳ ಎಣಿಕೆ, ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗುಹಾಕಿದ ಪರವಾನಗಿ ಪತ್ರದ ಪ್ರತಿ, ಆಸನಗಳ ಸಂಖ್ಯೆ ತಿಳಿಯಲು ಅದು ಆಧಾರ, ದಿನದ ವಸೂಲಿಯ ಲೆಕ್ಕಪತ್ರಗಳು, ಹಳೆಯ ಟಿಕೆಟ್ಟಿನ ಬುಡಚೀಟಿಗಳು, ಕರಪತ್ರಗಳು, ಭಿತ್ತಿಪತ್ರಗಳು. ಇವೆಲ್ಲಕ್ಕಿಂತ ತ್ವರೆಯಾಗಿ ಆಗಬೇಕಾದುದು ಮನುಷ್ಯರ ಮಾತಿನ ಸಂಗ್ರಹ. ಆಪರೇಟರು, ಗೇಟ್‌ಕೀಪರು, ಟಿಕೆಟ್ಟಿನ ಗುಮಾಸ್ತ, ಗಾಡಿಯ ಮೇಲೆ ಚಿತ್ರದ ಹಲಗೆ ಕಟ್ಟಿ ಊರು ಸುತ್ತಿದವರು, ಸೈಕಲ್ ಸ್ಟ್ಯಾಂಡಿನವರು, ಹೆಂಗಸರ ಕಿಟಕಿಯಲ್ಲಿ ನಿಂತ ಅಜ್ಜಿಯರು, ಇವರು ಎಂಬತ್ತರ ಆಚೀಚೆಯಲ್ಲಿದ್ದಾರೆ. ಗೋಡೆ ಇನ್ನು ಹತ್ತು ವರ್ಷ ನಿಂತೀತು. ಅವರ ನೆನಪಿಗೆ ಅಷ್ಟು ಕಾಲಾವಕಾಶವಿಲ್ಲ. ಪ್ರಶ್ನೆಗಳು ಸರಳವಾಗಿರಲಿ: ಮೊದಲ ಬಾರಿ ಯಾರೊಡನೆ ಬಂದಿರಿ, ಎಲ್ಲಿ ಕುಳಿತಿರಿ, ಟಿಕೆಟ್ಟಿಗೆ ಎಷ್ಟು ಕೊಟ್ಟಿರಿ, ಪಕ್ಕದಲ್ಲಿ ಯಾರಿದ್ದರು. ಕೊನೆಯ ಪ್ರಶ್ನೆಯ ಉತ್ತರದಲ್ಲಿಯೇ ಊರಿನ ನಿಜವಾದ ಚರಿತ್ರೆ ಇರುತ್ತದೆ.

ಹೀಗೆ ಸಿದ್ಧವಾದ ದಾಖಲೆಯ ಒಂದು ಪ್ರತಿ ಶಾಲೆಯ ಗ್ರಂಥಭಂಡಾರದಲ್ಲಿ, ಇನ್ನೊಂದು ಊರಿನ ವಾಚನಾಲಯದಲ್ಲಿ ಇರಬೇಕು. ಮಠಗಳು ತಾಳೆಗರಿಯ ಕಟ್ಟುಗಳನ್ನು ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಕಾದುದರಿಂದ ವಚನಗಳು ನಾಡಿಗೆ ದೊರೆತವು. ಆ ಕಾಯುವ ಕೆಲಸದ ಪರಂಪರೆ ಇಲ್ಲಿನ ಉಪಾಧ್ಯಾಯರಿಗೆ ಹೊಸತಲ್ಲ. ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟದಲ್ಲಿ ಒಂದು ಕರಪತ್ರ, ಒಂದು ಹಳೆಯ ಟಿಕೆಟ್ಟು, ಮುಂಗೋಡೆಯ ಮುಂದೆ ನಿಂತು ತೆಗೆಸಿಕೊಂಡ ಒಂದು ಛಾಯಾಚಿತ್ರ ಇದ್ದರೆ ಅದನ್ನು ಶಾಲೆಗೆ ಒಪ್ಪಿಸಲಿ. ದಾನಿಗಳು ಕಟ್ಟಡದ ನಿಧಿಗೆ ಕೊಡುವುದರಲ್ಲಿ ಒಂದು ಪಾಲನ್ನು ಅದನ್ನು ಕಾಪಾಡುವ ಕಪಾಟಿಗೆ ಕೊಡಲಿ. ಈ ವರ್ಷದ ಬೇಸಗೆ ರಜೆಗೆ ಮೊದಲೇ ಊರಿನ ಒಂದು ಮಂದಿರದ ಅಳತೆ ಮುಗಿದರೂ ಆರಂಭ ಮಾಡಿದಂತಾಗುತ್ತದೆ.